ಏಳುನೂರು ಪುಟಕ್ಕೆ ಬ್ಲೇಡು ಹಾಕಿದ ನನ್ನ ಅನುಭವ

ದಪ್ಪ ಪುಸ್ತಕವನ್ನು ತೆಳ್ಳನೆಯ ಚೂರುಗಳಾಗಿ ಕೊಯ್ದು ಒಂದೊಂದೇ ಓದೋಣ ಎಂದು ಬ್ಲೇಡು ಹಾಕಿದೆ ಎಂದಾಗ ಮೊದಲು ಬೈದದ್ದು ಅಮ್ಮ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು ಎಂದು ನಮ್ಮನ್ನು ಬೆಳೆಸಿದವಳು ಅವಳು. "ಸರಸ್ವತಿಯನ್ನೇ ಕೊಯ್ದುಬಿಟ್ಟೆಯಲ್ಲೋ" ಎಂದಳು. ಆಫೀಸಿನ ಗೆಳೆಯರು ನಕ್ಕರು. ಒಬ್ಬ ಅಂತೂ "ಒಂದು ತಿಂಗಳು ನೋಡೋಣ, ಆಮೇಲೆ ಆ ಚೂರುಗಳಲ್ಲಿ ಕಡಲೆಕಾಯಿ ಕಟ್ಟು" ಎಂದ. ಈಗ ಅದೇ ಗೆಳೆಯ ನನ್ನಿಂದ ಚೂರು ಕಡ ತಗೊಂಡು ಓದುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಓದು ಬಿಟ್ಟುಹೋದ ಕತೆ ನಿಮಗೆಲ್ಲ ಗೊತ್ತಿರುವಂಥದ್ದೇ. ತಿಪಟೂರಿನಲ್ಲಿ ಹೈಸ್ಕೂಲು ಓದುವಾಗ ವಿಜ್ಞಾನದ ಪಠ್ಯಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಕದ್ದು ಓದುತ್ತಿದ್ದೆ. ಆಮೇಲೆ ಪಿಯುಸಿ, ಸಿಇಟಿ, ನಾಲ್ಕು ವರ್ಷ ಎಂಜಿನಿಯರಿಂಗ್. ಹೊರಗೆ ಬಂದಾಗ ಕೈಯಲ್ಲಿ ಪೆನ್ನಿಲ್ಲದೆ ಓದಲು ಬರುತ್ತಿರಲಿಲ್ಲ. ಸುಳ್ಳಲ್ಲ, ಒಂದು ಕಾದಂಬರಿಯ ಮೂರನೇ ಪುಟದಲ್ಲಿ ಮಳೆಯ ವರ್ಣನೆಗೆ ಗೆರೆ ಎಳೆದಿದ್ದೇನೆ. ಹತ್ತು ಮಾರ್ಕಿನ ಪ್ರಶ್ನೆಗೆ ಬರಬಹುದು ಅನ್ನಿಸಿತ್ತು. ಕಾಲೇಜು ಮುಗಿದದ್ದು 2014ರಲ್ಲಿ. ಅಲ್ಲಿಂದ ಹತ್ತು ವರ್ಷದಲ್ಲಿ ಮನಸ್ಸಿಟ್ಟು ಪೂರ್ತಿ ಓದಿದ ಪುಸ್ತಕ ಮೂರೋ ನಾಲ್ಕೋ.

ಪ್ರಯತ್ನ ಮಾಡಲಿಲ್ಲ ಅಂತಲ್ಲ. ದುಡ್ಡು ಸುರಿದಿದ್ದೇನೆ. ಇ-ರೀಡರಿಗೆ ಎಂಟೂವರೆ ಸಾವಿರ ಹೋಯಿತು. ಅದರಲ್ಲಿ ಓದಿದ್ದಕ್ಕಿಂತ ಅಕ್ಷರದ ಸೈಜು ಬದಲಾಯಿಸಿದ್ದೇ ಜಾಸ್ತಿ. ಕೊನೆಗೆ ನಾಲ್ಕು ಸಾವಿರಕ್ಕೆ ಭಾವಮೈದುನನಿಗೆ ದಾಟಿಸಿದೆ. ಕೇಳುವ ಪುಸ್ತಕಗಳಿಗೆ ಒಂದು ವರ್ಷದ ಚಂದಾ ಕಟ್ಟಿದೆ, ಕೇಳುತ್ತಾ ಕೇಳುತ್ತಾ ನಿದ್ದೆ ಬಂತು. ಅದೊಂದು ಲಾಭ ಅನ್ನಬಹುದು. 2019ರಲ್ಲಿ ವಾರಕ್ಕೊಂದರಂತೆ 52 ಪುಸ್ತಕದ ಗುರಿ ಇಟ್ಟುಕೊಂಡೆ. ಲೆಕ್ಕ ತುಂಬಿಸಲು ತೆಳ್ಳನೆಯ ಪುಸ್ತಕ ಹುಡುಕಿ ಹುಡುಕಿ ಓದಿದೆ. ಮಾರ್ಚ್ ಹೊತ್ತಿಗೆ ಅದೂ ಇಂಟರ್ನಲ್ಸ್ ಪರೀಕ್ಷೆಯ ಹಾಗೆ ಆಯಿತು.

2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಹೋದೆ. ಪುಸ್ತಕ ಮಳಿಗೆಗಳಲ್ಲಿ ಜನ ಜಾತ್ರೆಯ ಹಾಗೆ ಮುಗಿಬಿದ್ದಿದ್ದರು. ಆ ಹುಮ್ಮಸ್ಸಿನಲ್ಲಿ ನಾನೂ ಮೂರು ಸಾವಿರದಷ್ಟು ಖರೀದಿ ಮಾಡಿದೆ. ಎರಡು ಚೀಲ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದು, ಕಪಾಟಿನಲ್ಲಿ ಜೋಡಿಸಿ, ಫೋಟೋ ತೆಗೆದೆ. ಯುಗಾದಿಯವರೆಗೆ ಒಂದನ್ನೂ ತೆರೆಯಲಿಲ್ಲ.

ನನಗೆ ಓದಲು ಸಮಯ ಇದ್ದದ್ದು ಬೆಂಗಳೂರಿನ ಮೆಟ್ರೋದಲ್ಲಿ ಮಾತ್ರ. ವಿಜಯನಗರದಲ್ಲಿ ಹತ್ತಿದರೆ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುವುದು. ಒಂದು ಗಂಟೆಯ ಮೇಲೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ತುಂಡು ಸೇರಿದ ಮೇಲೆ ಮಧ್ಯೆ ಬಸ್ಸು ಹಿಡಿಯುವ ಕಾಟ ಇಲ್ಲ. ಆದರೆ ಮೆಜೆಸ್ಟಿಕ್ ಬಂದರೆ ಎರಡೂ ಕೈ ಎತ್ತಿ ನಿಲ್ಲಬೇಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಕಾಲು ಕೆಜಿಗೂ ಜಾಸ್ತಿ ತೂಗುವ ಕಾದಂಬರಿ. ಟ್ರಿನಿಟಿ ದಾಟುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ಫೋನು ಎಷ್ಟು ಹಗುರ ಅಲ್ವಾ? ಗೆಲ್ಲುವುದು ಅದೇ.

ಉಪಾಯ ಹೊಳೆದದ್ದು ಅಮ್ಮನ ಕಪಾಟಿನಿಂದ. ಅಮ್ಮ ಎಂಬತ್ತರ ದಶಕದಲ್ಲಿ 'ಸುಧಾ', 'ತರಂಗ'ಗಳಲ್ಲಿ ಬರುತ್ತಿದ್ದ ಧಾರಾವಾಹಿಗಳ ಹಾಳೆ ಕತ್ತರಿಸಿ, ವಾರವಾರಕ್ಕೂ ಜೋಡಿಸಿ, ಕೊನೆಗೆ ಹೊಲಿಸಿ ಬೈಂಡು ಮಾಡಿಸಿ ಇಟ್ಟಿದ್ದಳು. ನಿಮ್ಮ ಮನೆಗಳಲ್ಲೂ ಇರಬಹುದು. ಯುಗಾದಿಗೆ ಊರಿಗೆ ಹೋದಾಗ ಅಂಥದ್ದೊಂದನ್ನು ಕೈಗೆತ್ತಿಕೊಂಡೆ. ಪ್ರತಿ ಕಂತಿನ ಕೊನೆಗೆ 'ಮುಂದುವರಿಯುವುದು'. ನಡುವೆ ಒಂದು ವಾರದ ಕಂತು ಇಲ್ಲ. ಆ ವಾರ ಅಮ್ಮ ತವರಿಗೆ ಹೋಗಿದ್ದಳಂತೆ, ಪತ್ರಿಕೆ ಸಿಗಲಿಲ್ಲವಂತೆ. ನಲವತ್ತು ವರ್ಷದ ಮೇಲೂ ಅದನ್ನು ಸಂಕಟದಿಂದಲೇ ಹೇಳಿದಳು. ಅಮ್ಮ ಚೂರು ಜೋಡಿಸಿ ಪುಸ್ತಕ ಮಾಡಿದಳು. ನಾನು ಪುಸ್ತಕವನ್ನು ಚೂರು ಮಾಡಿದರೆ?

ಮೊದಲ ಬಲಿ ಅವೆನ್ಯೂ ರಸ್ತೆಯಲ್ಲಿ ನಲವತ್ತು ರೂಪಾಯಿಗೆ ಸಿಕ್ಕ ಹಳೆಯ ಪತ್ತೇದಾರಿ ಕಾದಂಬರಿ. ಗೋಂದಿನ ಬೈಂಡಿಂಗಿನದ್ದು, ಅಂದರೆ ಬಿಡಿ ಹಾಳೆಗಳ ಬೆನ್ನಿಗೆ ಅಂಟು ಬಳಿದದ್ದು. ಚೂರು ಮಾಡಿ ಸ್ಟೇಪ್ಲರ್ ಹೊಡೆದೆ. ಎರಡನೇ ದಿನವೇ ಮೆಜೆಸ್ಟಿಕ್ಕಿನಲ್ಲಿ ನೂಕುನುಗ್ಗಲಿಗೆ ಒಂದು ಹಾಳೆ ಕಿತ್ತು ಪ್ಲಾಟ್‌ಫಾರಂ ಮೇಲೆ ಬಿತ್ತು. ಬಾಗಿಲು ಮುಚ್ಚಿತು. ಗಾಜಿನಾಚೆ ಆ ಹಾಳೆ ಬಿದ್ದಿತ್ತು, ಒಬ್ಬರು ಅದರ ಮೇಲೆ ನಡೆದುಹೋದರು. 83 ಮತ್ತು 84ನೇ ಪುಟ. ಕೊಲೆಗಾರ ಯಾರು ಎನ್ನುವ ಸುಳಿವು ಅದರಲ್ಲೇ ಇತ್ತು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಎರಡನೆಯದಕ್ಕೆ ದಬ್ಬಣದಿಂದ ಮೂರು ತೂತು ಹಾಕಿ ದಾರ ಎಳೆದೆ. ಗಟ್ಟಿಯಾಯಿತು, ಆದರೆ ಒಳ ಅಂಚನ್ನು ದಾರ ನುಂಗಿತು. ಬಲಪುಟದಲ್ಲಿ ಪ್ರತಿ ಸಾಲಿನ ಮೊದಲ ಅಕ್ಷರ ಕಾಣುತ್ತಿರಲಿಲ್ಲ. ನಮ್ಮ ಪ್ರಕಾಶಕರು ಕಾಗದ ಉಳಿಸಲು ಒಳ ಅಂಚನ್ನು ಎಷ್ಟು ಕಿರಿದು ಮಾಡಿರುತ್ತಾರೆ ಎಂದು ಗೊತ್ತಾದದ್ದೇ ಆವಾಗ. ಮೂರನೆಯದಕ್ಕೆ ಅಂಗಡಿಯ ಬಿಳಿ ಅಂಟು ಹಾಕಿದೆ. ಒಣಗಿದ ಮೇಲೆ ಹಪ್ಪಳದ ಹಾಗೆ ಬಿರುಸಾಗಿ, ಮಡಚಿದರೆ ಪಟಕ್ಕೆಂದಿತು. ಇಷ್ಟರಲ್ಲಿ ಹೋದ ದುಡ್ಡು ಹೆಚ್ಚೆಂದರೆ ನಾನೂರು. ಮಾನ ಹೋದದ್ದು ಬೇರೆ.

ಕೊನೆಗೆ ಬುದ್ಧಿ ಹೇಳಿದ್ದು ಚಾಮರಾಜಪೇಟೆ ಕಡೆಯ ಒಬ್ಬ ಹಳೆಯ ಬೈಂಡರು. "ಹೊಲಿಗೆ ಪುಸ್ತಕ ತಗೊಳ್ಳಿ ಸ್ವಾಮಿ, ಅದು ಆಗಲೇ ಚೂರಾಗೇ ಇದೆ" ಎಂದರು. ಅಷ್ಟೇ! ಫಾರಂ ಅಂದರೆ ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿ ಮಾಡಿದ ಕಟ್ಟು. 1/8 ಡೆಮಿ, ಅಂದರೆ ಮಾಮೂಲಿ ಕಾದಂಬರಿ ಅಳತೆಯ ಪುಸ್ತಕದಲ್ಲಿ ಒಂದು ಫಾರಂಗೆ ಸಾಮಾನ್ಯವಾಗಿ 16 ಪುಟ. ಹೊಲಿಗೆ ಬೈಂಡಿಂಗಿನಲ್ಲಿ ಪ್ರತಿ ಫಾರಂ ತನ್ನ ಮಡಿಕೆಯಲ್ಲೇ ದಾರ ಹಾಕಿಸಿಕೊಂಡು ನಿಂತಿರುತ್ತದೆ. ತಲೆಯ ಕಡೆಯಿಂದ ನೋಡಿದರೆ ಮಡಿಕೆಗಳು ಸಾಲಾಗಿ ಕಾಣುತ್ತವೆ. ಬೆನ್ನಿನ ರಟ್ಟಿಗೆ ಹೇರ್ ಡ್ರೈಯರ್ ಹಿಡಿದರೆ ಅಂಟು ಮೆತ್ತಗಾಗಿ ರಟ್ಟು ಬಿಟ್ಟುಕೊಳ್ಳುತ್ತದೆ. ಆಮೇಲೆ ಎರಡು ಫಾರಂ ಎಣಿಸು, ನಡುವೆ ಬ್ಲೇಡು ಎಳೆ. ಒಂದಕ್ಷರವೂ ಹಾಳಾಗಲ್ಲ. ಬೆನ್ನಿಗೆ ಮೈದಾ ಅಂಟು, ಅದಕ್ಕೆ ಹುಳ ಬೀಳದ ಹಾಗೆ ಚಿಟಿಕೆ ಮೈಲುತುತ್ತ. ಮೈಲುತುತ್ತ ವಿಷ, ಅಡುಗೆಮನೆ ಪಾತ್ರೆಯಲ್ಲಿ ಕಲಸಬೇಡಿ. ಈ ಅಂಟಿನಲ್ಲಿ ಮೂರನೆಯ ಒಂದು ವಸ್ತು ಇದೆ, ಚೂರು ಮಡಚಿದರೂ ಬೆನ್ನು ಬಿರಿಯದಂತೆ ನೋಡಿಕೊಳ್ಳುವುದು ಅದೇ. ಅದನ್ನು ಬೈಂಡರು ನನಗೆ ಮೂರು ಸಲ ಟೀ ಕುಡಿಸಿಕೊಂಡ ಮೇಲೆ ಹೇಳಿದ್ದು. ನಾನು ಇಲ್ಲಿ ಪುಕ್ಕಟೆ ಹೇಳಲ್ಲ. ಹೊದಿಕೆಗೆ ಹಳೆಯ ಕ್ಯಾಲೆಂಡರ್ ಹಾಳೆ.

ಹೀಗೆ ಮೊದಲು ಕೊಯ್ದದ್ದು ಮಂಡ್ಯದ ಚೀಲದಲ್ಲಿದ್ದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರ ಕಾದಂಬರಿ, ಏಳುನೂರು ಪುಟದ ಮೇಲೆ. ಕಾಲೇಜಿಗೆ ಮುಂಚೆ ಒಂದು ಸಲ, ಆಮೇಲೆ ಎರಡು ಸಲ ಶುರು ಮಾಡಿ ನಲವತ್ತನೇ ಪುಟದಲ್ಲಿ ಬಿಟ್ಟಿದ್ದೆ. ಎಷ್ಟು ಹೆಸರು, ಎಷ್ಟು ಮನೆ! ಈ ಸಲ 23 ಚೂರಾಯಿತು. ಒಂದು ಚೂರು ಐವತ್ತು ಗ್ರಾಮಿಗಿಂತ ಸ್ವಲ್ಪ ಜಾಸ್ತಿ ತೂಗಬಹುದು. ಎರಡಾಗಿ ಮಡಚಿದರೆ ಪ್ಯಾಂಟಿನ ಹಿಂದಿನ ಜೇಬಿಗೆ ಹೋಗುತ್ತದೆ. ಹೊದಿಕೆಯ ಒಳಬದಿಯಲ್ಲಿ ಆ ಚೂರಿನಲ್ಲಿ ಬರುವವರ ಹೆಸರು, ಯಾರ ಮನೆಯವರು ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಪೆನ್ನು ಮುಟ್ಟಲಿಲ್ಲ. ಪೆನ್ನು ಕೈಗೆ ಬಂದರೆ ಪರೀಕ್ಷೆ ನೆನಪಾಗುತ್ತದೆ.

ಆಫೀಸು ವಾರಕ್ಕೆ ಮೂರು ದಿನ. ಹೋಗುವಾಗ ಒಂದು ಚೂರು, ಅಷ್ಟೇ ಎಂದು ನಿಯಮ. ಮೊದಲ ವಾರ ಗಂಟೆಗೆ ಹನ್ನೆರಡು ಹದಿಮೂರು ಪುಟ ಹೋಗುತ್ತಿದ್ದವು. ಹೂಡಿ ನಿಲ್ದಾಣ ಬಂದರೂ ಚೂರಿನ ಅರ್ಧವೂ ಆಗಿರುತ್ತಿರಲಿಲ್ಲ. ಒಂದು ತಿಂಗಳಲ್ಲಿ ಮೂವತ್ತಕ್ಕೆ ಬಂದೆ. ಭಾಷೆ ಕಷ್ಟ ಅಲ್ಲ, ಓಡುವ ಕಣ್ಣನ್ನು ನಡೆಸುವುದು ಕಷ್ಟ. ಕಾದಂಬರಿಯ ನಾಯಿಗುತ್ತಿಯ ಹಿಂದೆ ಅವನ ನಾಯಿ ಹುಲಿಯ ಹೋದಂತೆ ನಾನೂ ಕಾಡು ಹತ್ತಿ ಇಳಿದೆ. ಒಂದು ದಿನ ಇಳಿಯುವ ನಿಲ್ದಾಣ ದಾಟಿ ವೈಟ್‌ಫೀಲ್ಡ್‌ವರೆಗೆ ಹೋಗಿ ವಾಪಸ್ ಬಂದೆ. ಆಫೀಸಿಗೆ ಲೇಟು. ಹತ್ತು ವರ್ಷದಲ್ಲಿ ಅಷ್ಟು ಖುಷಿಯಿಂದ ಲೇಟಾದದ್ದು ಅದೇ ಮೊದಲು.

ತಮಾಷೆ ಏನೆಂದರೆ, ಫಾರಂ ಎಣಿಸಿ ಕೊಯ್ದಾಗ ಅಧ್ಯಾಯದ ಕೊನೆ ನೋಡುವುದಿಲ್ಲ. ಚೂರು ವಾಕ್ಯದ ನಡುವೆಯೇ ನಿಲ್ಲುತ್ತದೆ. ಯಾರೋ ಬಾಗಿಲು ತೆರೆದು, ಅಷ್ಟೇ. ಮೊದಮೊದಲು ಇದೊಂದು ದೋಷ ಎಂದುಕೊಂಡು, ಇನ್ನೊಂದು ಪುಸ್ತಕದಲ್ಲಿ ಅಧ್ಯಾಯ ನೋಡಿ ಕತ್ತರಿಸಿದೆ. ಅದು ಸಪ್ಪೆ. ಅಧ್ಯಾಯ ಮುಗಿದರೆ ಸಮಾಧಾನ, ಸಮಾಧಾನ ಆದರೆ ಫೋನು. ವಾಕ್ಯದ ನಡುವೆ ನಿಂತರೆ ವಾಪಸ್ ಬರುವ ಒಂದು ಗಂಟೆಯೂ ಅದೇ ಬಾಗಿಲಿನ ಮುಂದೆ ನಿಂತಿರುತ್ತೀರಿ.

ಮುಂದಿನ ಚೂರುಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಹೆಂಡತಿಗೆ ಕೊಟ್ಟಿದ್ದೆ. ಒಂಬತ್ತನೇ ಚೂರಿನ ರಾತ್ರಿ, ಅವಳು ಮಲಗಿದ ಮೇಲೆ, ಬೀಗದ ಕೈ ಹುಡುಕಿ ಹತ್ತನೆಯದನ್ನು ಕದ್ದೆ. ಬಾತ್‌ರೂಮಿನಲ್ಲಿ ಬಕೆಟ್ ಬೋರಲು ಹಾಕಿ ಕೂತು ಓದಿದೆ. ಮೂವತ್ಮೂರನೇ ವಯಸ್ಸಿನಲ್ಲಿ! ಓದು ವಾಪಸ್ ಬಂತು ಎಂದು ನನಗೆ ಖಾತ್ರಿಯಾದದ್ದು ಆ ಬಕೆಟ್ ಮೇಲೆ. ಬೆಳಗ್ಗೆ ಏನೂ ಆಗದವನ ಹಾಗೆ ಅದೇ ಚೂರನ್ನು ಮೆಟ್ರೋದಲ್ಲಿ ಇನ್ನೊಮ್ಮೆ ಓದಿದೆ. ಎರಡನೇ ಸಲ ಇನ್ನೂ ರುಚಿ. ಎಂಟು ವಾರ ಅಂದುಕೊಂಡದ್ದು ಆರಕ್ಕೇ ಮುಗಿಯಿತು, ಕಳ್ಳತನದ ದೆಸೆಯಿಂದ.

ಆಮೇಲೆ ತಲೆಹರಟೆ ಪ್ರಯೋಗಗಳೂ ಆದವು. ಎರಡು ಕಾದಂಬರಿಯ ಚೂರುಗಳನ್ನು ಒಂದು ದಿನ ಇದು, ಒಂದು ದಿನ ಅದು ಎಂದು ಓದಿದೆ. ಮೂರನೇ ವಾರಕ್ಕೆ ಆ ಕಾದಂಬರಿಯ ಮಾವ ಈ ಕಾದಂಬರಿಯ ಮನೆಗೆ ಬಂದು ಕೂತ. ಬಿಟ್ಟೆ. ಕವನ ಸಂಕಲನ ಕೊಯ್ಯಲು ಹೋಗಬೇಡಿ, ಅದು ಮೊದಲೇ ಚೂರು. ಸಣ್ಣ ಕಾದಂಬರಿಗೂ ಬ್ಲೇಡು ಬೇಡ. ತೇಜಸ್ವಿಯವರ 'ಕರ್ವಾಲೊ'ವನ್ನು ಕೊಯ್ಯದೆ ಒಂದೇ ಭಾನುವಾರ ಮುಗಿಸಿದೆ, ಹಾರುವ ಓತಿಯ ಹಿಂದೆ ಓಡುತ್ತಾ ಊಟ ತಣ್ಣಗಾಯಿತು. ದಪ್ಪ ಪುಸ್ತಕದಲ್ಲಿ ಪಳಗಿದ ಕಣ್ಣಿಗೆ ತೆಳ್ಳನೆಯದು ಬೆಣ್ಣೆ.

ಚೂರಿನಿಂದ ಇನ್ನೊಂದು ಉಪಯೋಗವೂ ಆಯಿತು. ಕಡಲೆಕಾಯಿ ಗೆಳೆಯ ಒಂದು ದಿನ ನನ್ನ ಮೇಜಿನಿಂದ ಮೊದಲ ಚೂರು ಎತ್ತಿಕೊಂಡು ಹೋದ. ಅವನ ಹಿಂದೆ ಟೆಸ್ಟಿಂಗ್ ವಿಭಾಗದ ಹುಡುಗಿ. ನಾನು ಹದಿನೈದರಲ್ಲಿ, ಅವನು ಆರರಲ್ಲಿ, ಅವಳು ಮೂರರಲ್ಲಿ. ಐನೂರರ ಆಸುಪಾಸಿನ ಒಂದು ಪುಸ್ತಕ, ಏಕಕಾಲಕ್ಕೆ ಮೂರು ಜನ. ಅವನು ಏಳನೇ ಚೂರನ್ನು ಆಟೋದಲ್ಲಿ ಕಳೆದ. ಹುಡುಗಿ ಅತ್ತುಬಿಡುವ ಹಾಗಿದ್ದಳು. 32 ಪುಟಕ್ಕಾಗಿ ಅವನು ಇನ್ನೊಂದು ಪ್ರತಿ ಕೊಂಡ. ಅದರಲ್ಲಿ ಉಳಿದದ್ದನ್ನು ಈಗ ಅವನ ತಂದೆ ಓದುತ್ತಿದ್ದಾರಂತೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಬ್ಲೇಡು, ದಾರ, ಮೈದಾ ಎಲ್ಲ ಸೇರಿ ಪುಸ್ತಕಕ್ಕೆ ಮೂವತ್ತು ರೂಪಾಯಿ ಬೀಳಬಹುದು. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಏರಿತಲ್ಲ, ನನ್ನ ದಾರಿಗೆ ಎಂಬತ್ತೋ ತೊಂಬತ್ತೋ ಕಾರ್ಡಿನಿಂದ ಹೋಗುತ್ತದೆ. 32 ಪುಟಕ್ಕೆ ಭಾಗಿಸಿದರೆ ಪುಟಕ್ಕೆ ಎರಡೂವರೆ ಮೂರು ರೂಪಾಯಿ. ದುಬಾರಿ ವಾಚನಾಲಯ, ಆದರೆ ಎಸಿ ಇದೆ.

ಇಲ್ಲಿಯವರೆಗೆ ಹನ್ನೊಂದು ಪುಸ್ತಕ ಆಗಿರಬೇಕು, ಅದರಲ್ಲಿ ಮೂರು ದಪ್ಪದವು. ಲೆಕ್ಕ ಬರೆದಿಟ್ಟಿಲ್ಲ, ಬೇಕೂಂತಲೇ. ಓದಿ ಮುಗಿದ ಚೂರುಗಳನ್ನು ಮತ್ತೆ ಜೋಡಿಸಿ ಹೊಲಿಸಿ ರಟ್ಟು ಹಾಕಿಸುತ್ತೇನೆ, ಆ ಬೈಂಡರು ನೂರೈವತ್ತು ತಗೊಳ್ಳುತ್ತಾರೆ. ಅದನ್ನು ನೋಡಿದ ಮೇಲೆ ಅಮ್ಮನ ಕೋಪ ಸ್ವಲ್ಪ ಇಳಿಯಿತು. ಹೋದ ತಿಂಗಳು ಬಂದಾಗ ಟೀಪಾಯಿ ಮೇಲಿದ್ದ ಮೂರನೇ ಚೂರು ಮುಗಿಸಿ, ಕನ್ನಡಕ ತೆಗೆದು, ನಾಲ್ಕನೆಯದು ಎಲ್ಲಿ ಎಂದು ಕೇಳಿದಳು. ವಾರಕ್ಕೊಂದು ಎಂದೆ. ಮಾತಾಡಲಿಲ್ಲ. ಬೆಳಗ್ಗೆ ನೋಡಿದರೆ ಬೀರುವಿನ ಬೀಗ ತೆರೆದಿತ್ತು.