ಬೇಸಿಗೆ ಕಾರ್ಯಾಗಾರದಲ್ಲಿ ಒಂದು ಪಾಲುಪಟ್ಟಿ ಓದಿದ್ದು

ಕೊರಿಯನ್ ಅಧ್ಯಯನ ಎಂದ ಕೂಡಲೇ ನಮ್ಮವರು ಕೇಳುವುದು ಕೆ-ಡ್ರಾಮಾ ಬಗ್ಗೆ. ನನ್ನ ಪಿಎಚ್‌ಡಿ ವಿಷಯ ಕೇಳಿದರೆ ಅವರ ಮುಖ ಸಪ್ಪಗಾಗುತ್ತದೆ. 1392ರಲ್ಲಿ ಶುರುವಾದ ಜೋಸನ್ ರಾಜ್ಯದಲ್ಲಿ ಅಣ್ಣತಮ್ಮ ಅಕ್ಕತಂಗಿಯರು ಆಸ್ತಿ ಹೇಗೆ ಹಂಚಿಕೊಂಡರು ಎಂಬುದು ನನ್ನ ಕೆಲಸ. ಆಗಿನ ಪತ್ರಗಳನ್ನು ಓದಲು ಈಗಿನ ಕೊರಿಯನ್ ಭಾಷೆ ಬಂದರೆ ಸಾಲದು, ಹನ್‌ಮುನ್ ಬೇಕು. ಕೊರಿಯಾದ ವಿದ್ಯಾವಂತರು ಶತಮಾನಗಳ ಕಾಲ ಬರೆದ ಶಾಸ್ತ್ರೀಯ ಚೀನೀ ಅದು. ಅದನ್ನು ಕಲಿಸುವ ಬೇಸಿಗೆ ಕಾರ್ಯಾಗಾರವೊಂದಕ್ಕೆ ಅರ್ಜಿ ಹಾಕಿ, ಸಿಯೋಲ್‌ಗೆ ಹೋಗಿದ್ದೆ.

ಅರ್ಜಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಶೋಧನಾ ಟಿಪ್ಪಣಿ, ಮಾರ್ಗದರ್ಶಕರ ಶಿಫಾರಸು ಪತ್ರ, ಭಾಷಾ ಮಟ್ಟದ ವಿವರ, ಎಲ್ಲ ಕಡೆ ಕೇಳುವುದೇ. ಟಿಪ್ಪಣಿಯಲ್ಲಿ ಮಾತ್ರ ‘ಕೊರಿಯಾದ ಸಂಸ್ಕೃತಿಯಲ್ಲಿ ಅಪಾರ ಆಸಕ್ತಿ’ ಎಂಬಂಥ ವಾಕ್ಯ ಬರೆಯದೆ, ಯಾವ ಬಗೆಯ ದಾಖಲೆ, ಯಾವ ಕಾಲದ್ದು, ಯಾಕೆ ಬೇಕು ಎಂದು ಬರೆದೆ. ಪಾಠಕ್ಕೆ ಯಾವ ಪತ್ರ ತರಬೇಕೆಂದು ಮೇಷ್ಟ್ರುಗಳೂ ಅದನ್ನು ನೋಡಿಯೇ ಗೊತ್ತುಮಾಡಿದಂತಿತ್ತು.

ಹೊರಡುವ ಮುಂಚೆ ನಾನು ಮಾಡಿಕೊಂಡ ತಯಾರಿಯಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ‘ಇದು’ (idu) ಕಲಿತದ್ದು. ಚೀನೀ ಅಕ್ಷರಗಳನ್ನೇ ಬಳಸಿ ಕೊರಿಯನ್ನಿನ ವಿಭಕ್ತಿ, ಕ್ರಿಯಾಪದದ ಕೊನೆ ಇತ್ಯಾದಿಗಳನ್ನು ಬರೆಯುವ ಹಳೆಯ ಪದ್ಧತಿಯ ಹೆಸರೇ ‘ಇದು’. ಕೊರಿಯನ್ನಿಗೆಂದೇ ಮಾಡಿದ ಹಂಗುಲ್ ಲಿಪಿ 1446ರಲ್ಲೇ ಪ್ರಕಟವಾದರೂ ಕಚೇರಿ ಕಾಗದಗಳಲ್ಲಿ, ಕ್ರಯಪತ್ರಗಳಲ್ಲಿ ಇದು 19ನೇ ಶತಮಾನದ ತನಕ ಉಳಿಯಿತು. ಚೀನೀ ನಿಘಂಟು ಹಿಡಿದು ಕೂತವರಿಗೆ ಇಂಥ ಸಾಲು ಒಗಟು, ಏಕೆಂದರೆ ಅಲ್ಲಿ ಎಷ್ಟೋ ಕಡೆ ಅಕ್ಷರದ ಅರ್ಥಕ್ಕೆ ಕೆಲಸವೇ ಇಲ್ಲ. ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ‘ಇದು’ ರೂಪಗಳು ಬಹಳವೇನೂ ಇಲ್ಲ. ಅವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಅರ್ಧ ಪತ್ರ ತೆರೆದುಕೊಳ್ಳುತ್ತದೆ.

ತರಗತಿ ನಡೆಯುತ್ತಿದ್ದದ್ದು ಹೀಗೆ: ಎಲ್ಲರ ಮುಂದೆ ಒಂದೇ ಪತ್ರದ ನಕಲು. ಒಬ್ಬರು ಗಟ್ಟಿಯಾಗಿ ಓದುವುದು, ವಾಕ್ಯ ಎಲ್ಲಿ ಮುರಿಯುತ್ತದೆಂದು ಹೇಳುವುದು, ಅರ್ಥ ಕಟ್ಟುವುದು. ಉಳಿದವರು ತಡೆದು ಕೇಳುವುದು. ಮೂಲದಲ್ಲಿ ವಿರಾಮಚಿಹ್ನೆಯೇ ಇಲ್ಲವಾದ್ದರಿಂದ ವಾಕ್ಯ ಮುರಿಯುವುದೇ ಅರ್ಧ ವ್ಯಾಖ್ಯಾನ. ಕೆಲವು ದಿನ ನಾಲ್ಕು ಸಾಲು ದಾಟಿದರೆ ಹೆಚ್ಚು. ವೇಗವಾಗಿ ಬಹಳ ಓದಿಸಬೇಕಿತ್ತು ಎಂದು ಕೆಲವರು ಗೊಣಗಿದರು. ನನಗೆ ಹಾಗೆ ಅನಿಸಲಿಲ್ಲ. ಬಹಳ ಓದುವುದಕ್ಕೆ ಮನೆಯಿದೆ; ಜೋಸನ್ ರಾಜರ ವೃತ್ತಾಂತಗಳು ಆಧುನಿಕ ಕೊರಿಯನ್ ಅನುವಾದದ ಸಮೇತ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ತಡೆದು ಕೇಳುವವರು ಮನೆಯಲ್ಲಿ ಸಿಗುವುದಿಲ್ಲ.

ನನ್ನ ಪಾಲಿಗೆ ಬಂದದ್ದು ಬುನ್‌ಜೇಗಿ, ನಮ್ಮ ಪಾಲುಪಟ್ಟಿ. ಇವುಗಳಲ್ಲಿ ಬಹುಪ್ರಸಿದ್ಧವಾದದ್ದು 1566ರದು, ಈಗ ಸಿಯೋಲ್‌ನ ಕೊನ್‌ಕುಕ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿದೆ. ತತ್ವಜ್ಞಾನಿ ಯುಲ್ಗೋಕ್ ಯಿ ಈ ಮತ್ತು ಅವನ ಒಡಹುಟ್ಟಿದವರು, ನಾಲ್ವರು ಗಂಡು ಮೂವರು ಹೆಣ್ಣು, ತಂದೆತಾಯಿ ತೀರಿಕೊಂಡ ಮೇಲೆ ಒಟ್ಟಿಗೆ ಕೂತು ಮಾಡಿಕೊಂಡದ್ದು. ಇವತ್ತಿನ 5,000 ವೋನ್ ನೋಟಿನ ಮೇಲೆ ಅವನಿದ್ದಾನೆ, 50,000 ವೋನ್ ನೋಟಿನ ಮೇಲೆ ಅವನ ತಾಯಿ, ಚಿತ್ರಗಾರ್ತಿ ಶಿನ್ ಸಾಯಿಮ್‌ದಾಂಗ್. ಪತ್ರದ ತಾರೀಖು ಚೀನಾದ ಮಿಂಗ್ ಚಕ್ರವರ್ತಿ ಜಿಯಾಜಿಂಗ್‌ನ 45ನೇ ವರ್ಷ, ಜೊತೆಗೆ ಅರವತ್ತು ವರ್ಷದ ಚಕ್ರದಲ್ಲಿ ಬರುವ ಹೆಸರು. ಶಕವರ್ಷದ ಪಕ್ಕ ಸಂವತ್ಸರ ನೋಡಿ ಶಾಸನಗಳ ಕಾಲ ತಾಳೆ ಹಾಕಿದವರಿಗೆ ಇದು ಹೊಸದೇನಲ್ಲ. ನಮ್ಮ ಲೆಕ್ಕದಲ್ಲಿ ಅದು ಅಕ್ಷಯ ಸಂವತ್ಸರ, ರಕ್ಕಸತಂಗಡಿ ಯುದ್ಧದ ಮರುವರ್ಷ.

ಮೊದಲು ಪಿತೃಪೂಜೆಗೆ, ಸಮಾಧಿಗಳ ಖರ್ಚಿಗೆ ಎಂದು ಎತ್ತಿಟ್ಟದ್ದು. ಆಮೇಲೆ ಒಬ್ಬೊಬ್ಬರ ಪಾಲು. ಹೆಣ್ಣುಮಕ್ಕಳಿಗೂ ಸಮಪಾಲು. ತಂದೆಯ ಉಪಪತ್ನಿಗೂ ಒಂದಿಷ್ಟು. ಇದು ಆ ಮನೆಯವರ ಔದಾರ್ಯವೇನೂ ಅಲ್ಲ. 1485ರಲ್ಲಿ ಜಾರಿಗೆ ಬಂದ ಕ್ಯೊಂಗ್‌ಗುಕ್ ದೇಜನ್ ಎಂಬ ಕಾನೂನು ಸಂಹಿತೆಯೇ ಧರ್ಮಪತ್ನಿಯ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಸಮಪಾಲು ಎಂದಿತ್ತು. ಪಿತೃಪೂಜೆ ಹೊತ್ತವನಿಗೆ ಮಾತ್ರ ಐದರಲ್ಲೊಂದು ಭಾಗ ಹೆಚ್ಚು.

ಭೂಮಿಯ ಲೆಕ್ಕ ನೋಡಿ ನನಗೆ ನಗು ಬಂತು. ಇಂಥ ಪತ್ರಗಳಲ್ಲಿ ಒಂದು ಮಾಜಿಗಿ ಗದ್ದೆ ಎಂದರೆ ಒಂದು ಮಾಲ್ (ಧಾನ್ಯದ ಅಳತೆ) ಬೀಜ ಹಿಡಿಯುವ ಗದ್ದೆ. ಮಲೆನಾಡಿನಲ್ಲಿ ಖಂಡುಗದ ಗದ್ದೆ ಎಂದು ಕೇಳಿ ಬೆಳೆದ ನನಗೆ ಅಡಿಟಿಪ್ಪಣಿ ಬೇಕಾಗಲಿಲ್ಲ. ಆದರೆ ಆಸ್ತಿಯಲ್ಲಿ ಭೂಮಿಯಷ್ಟೇ ತೂಕ ಮನುಷ್ಯರಿಗೂ ಇತ್ತು. ನೋಬಿ ಎಂಬ ಗುಲಾಮರು. ಹೆಸರು, ವಯಸ್ಸು, ಇರುವ ಊರು, ಯಾವ ದಾಸಿಯ ಎಷ್ಟನೆಯ ಮಗು ಎಂಬ ವಿವರ. ಇಂಥ ಪತ್ರಗಳಲ್ಲಿ ತಾಯಿ ಒಬ್ಬರ ಪಾಲಿಗೆ, ಮಗು ಇನ್ನೊಬ್ಬರ ಪಾಲಿಗೆ ಹೋಗುವುದು ಮಾಮೂಲು. ‘ಹೆಣ್ಣುಮಕ್ಕಳಿಗೆ ಸಮಪಾಲು’ ಎಂದು ಹೊಗಳುವ ಲೇಖನಗಳು ಏನನ್ನು ಸಮನಾಗಿ ಹಂಚಿದರು ಎಂಬಲ್ಲಿ ಬೇಗಬೇಗ ಹೆಜ್ಜೆ ಹಾಕುತ್ತವೆ. ಸಾಲು ಸಾಲಾಗಿ ಹೆಸರು ಓದಬೇಕಾದಾಗ ಹಾಗೆ ದಾಟಲು ಆಗುವುದಿಲ್ಲ.

ಇದರ ಪಕ್ಕಕ್ಕಿಟ್ಟು ಓದಿದ್ದು ಜಲ್ಲಾ ಪ್ರಾಂತ್ಯದ ಬುಆನ್ ಕಿಮ್ ಮನೆತನದ 1669ರ ಪತ್ರ. ಅಲ್ಲಿ ತಂದೆ ಹೇಳುವುದಿಷ್ಟು: ಮಗಳ ಮೇಲಿನ ಪ್ರೀತಿಯಲ್ಲಿ ಭೇದವಿಲ್ಲ, ಆದರೆ ಮದುವೆಯಾಗಿ ಹೋದವಳು ಬದುಕಿದ್ದಾಗ ಸಾಕುವುದಿಲ್ಲ, ಸತ್ತಾಗ ಪೂಜೆ ಮಾಡುವುದಿಲ್ಲ, ಆದ್ದರಿಂದ ಅವಳಿಗೆ ಮೂರರಲ್ಲೊಂದು. ಮಕ್ಕಳೆಲ್ಲ ಸರದಿಯಲ್ಲಿ ಪಿತೃಪೂಜೆ ಮಾಡುತ್ತಿದ್ದ ರೂಢಿಯಿಂದಲೂ ಹೆಣ್ಣುಮಕ್ಕಳ ಕಡೆಯವರನ್ನು ಬಿಡಿಸಲಾಯಿತು. ನಡುವೆ ನೂರು ವರ್ಷ, ಜಪಾನಿನ ದಾಳಿ (1592–98), ಮಂಚು ದಾಳಿಗಳು, ಮನೆಮನೆಗೂ ಇಳಿದ ಕನ್ಫ್ಯೂಷಿಯನ್ ವಿಧಿಗಳು.

ಚರ್ಚೆಯಲ್ಲಿ ನಿಮ್ಮ ಕಡೆ ಹೇಗೆ ಎಂದು ಕೇಳಿದರು. ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನದಿಂದ ಶುರುಮಾಡಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ಕರ್ನಾಟಕ ತಿದ್ದುಪಡಿ, ದೇಶಕ್ಕೆಲ್ಲ ಅನ್ವಯಿಸಿದ 2005ರ ತಿದ್ದುಪಡಿ ತನಕ ಹೇಳಿದೆ. ಅವರದು ಸಮಪಾಲಿನಿಂದ ಕೆಳಗಿಳಿದ ಕಥೆ, ನಮ್ಮದು ಹತ್ತಿದ್ದು. ಆಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ತೆಗೆದುಕೊಳ್ಳುವ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ದೃಶ್ಯವನ್ನೂ ವಿವರಿಸಿದೆ. ಅದಕ್ಕೆ ಎಲ್ಲರೂ ಬಹಳ ಪ್ರಶ್ನೆ ಕೇಳಿದರು.

ಊಟದ ವಿಷಯ ಕೇಳುವವರಿಗೆ: ಶುದ್ಧ ಸಸ್ಯಾಹಾರಿಗಳಾದರೆ ಕಿಮ್ಚಿಯಲ್ಲೂ ಉಪ್ಪು ಹಾಕಿ ಹುದುಗಿಸಿದ ಮೀನು ಸೀಗಡಿ ಇರುತ್ತದೆ, ಸಾರಿಗೆ ಒಣಮೀನಿನ ರಸ ಇರುತ್ತದೆ. ಬೌದ್ಧ ದೇವಾಲಯಗಳ ಶೈಲಿಯ ಊಟ ಸಿಕ್ಕಿದರೆ ಬಿಡಬೇಡಿ. ಜುಲೈ ಅಲ್ಲಿ ಮಳೆಗಾಲ, ಕೊಡೆ ಬೇಕೇ ಬೇಕು.

ಈಗ ನಾನು ಯಾವ ಪಾಲುಪಟ್ಟಿ ಸಿಕ್ಕರೂ ಕೊನೆಯಿಂದ ಓದಲು ಶುರುಮಾಡುತ್ತೇನೆ. ಹಾಜರಿದ್ದವರ ಹೆಸರು ಅಲ್ಲಿರುತ್ತದೆ: ಹೆಣ್ಣುಮಕ್ಕಳ ಪರವಾಗಿ ಅಳಿಯಂದಿರ ಸಹಿ, ಅಳಿಯ ತೀರಿಕೊಂಡಿದ್ದರೆ ವಿಧವೆಯದೇ ಮೊಹರು. ಒಂದು ಮನೆತನದ ಪತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಿಟ್ಟು ನೋಡಿದರೆ, ಅಳಿಯಂದಿರು ಯಾವ ತಲೆಮಾರಿನಿಂದ ಸಹಿಗೆ ಬರುವುದು ನಿಂತಿತು ಎಂದು ಗೊತ್ತಾಗುತ್ತದೆ. ಪ್ರಬಂಧದ ಎರಡನೇ ಅಧ್ಯಾಯ ಈಗ ಅದರ ಮೇಲೆಯೇ ನಿಂತಿದೆ.