ಒಂದೇ ಮನೆಯಲ್ಲಿ ಸಿಕ್ಕ ಮೂರು ಉತ್ತರಗಳು

ಲಿಂಗಾಯತ ಒಳಪಂಗಡಗಳ ರಾಜಕೀಯ ಅಸ್ಮಿತೆಯನ್ನು ಕುರಿತು ಪಿಎಚ್.ಡಿ. ಸಂಶೋಧನೆ ಆರಂಭಿಸಿದಾಗ ನನ್ನ ಕೈಯಲ್ಲಿದ್ದದ್ದು ನಲವತ್ತು ಪ್ರಶ್ನೆಗಳ ಒಂದು ಪ್ರಶ್ನಾವಳಿ. ಮೊದಲ ಪ್ರಶ್ನೆಯೇ ಜಾತಿಯದು. ತಿಪಟೂರಿನ ಬಳಿಯ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಜಗಲಿಯ ಮೇಲೆ ಕುಳಿತು ‘ಲಿಂಗಾಯತರು’ ಎಂದು ಬರೆಸಿದರು. ಸಂಜೆ ಮಗಳ ಸಂಬಂಧದ ಮಾತು ಬಂದಾಗ ‘ನಾವು ನೊಳಂಬರು, ಹೊರಗೆ ಕೊಡುವುದಿಲ್ಲ’ ಎಂದು ಒಳಪಂಗಡದ ಹೆಸರು ಹೇಳಿದರು. ಮೊಮ್ಮಗನ ಶಾಲಾ ದಾಖಲೆಯಲ್ಲಿ ‘ಹಿಂದೂ ಲಿಂಗಾಯತ’ ಎಂದಿತ್ತು. ನಾನು ಮೊದಲ ಉತ್ತರವನ್ನಷ್ಟೇ ಕೋಷ್ಟಕಕ್ಕೆ ಸೇರಿಸಿದೆ. ಅದರ ಆಧಾರದ ಮೇಲೆ ಬರೆದ ಲೇಖನವನ್ನು ಒಂದು ಪತ್ರಿಕೆ ಹಿಂದಿರುಗಿಸಿತು: ಜನ ಬೇರೆ ಬೇರೆ ಸಂದರ್ಭದಲ್ಲಿ ಬೇರೆ ಉತ್ತರ ಕೊಟ್ಟಿದ್ದರೆ ಅವುಗಳನ್ನು ಏನು ಮಾಡಿದಿರಿ ಎಂಬುದು ಪರಿಶೀಲಕರ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಯೇ ನನ್ನನ್ನು ಹಿಂದುಳಿದ ವರ್ಗಗಳ ಆಯೋಗಗಳ ವರದಿಗಳತ್ತ ಒಯ್ದಿತು. 1918ರಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಲು ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿಯ ಮುಂದೆ ಬ್ರಾಹ್ಮಣೇತರ ಎಂಬ ದೊಡ್ಡ ಹೆಸರಿಗೆ ಬೆಲೆಯಿತ್ತು. 1975ರಲ್ಲಿ ಹಾವನೂರು ಆಯೋಗವು ಲಿಂಗಾಯತರನ್ನು ಹಿಂದುಳಿದ ವರ್ಗಗಳ ಪಟ್ಟಿಯಿಂದ ಹೊರಗಿಟ್ಟಿತು. 1986ರ ವೆಂಕಟಸ್ವಾಮಿ ಆಯೋಗವು ಒಕ್ಕಲಿಗರನ್ನೂ ಹೊರಗಿಟ್ಟಿತು. ಈಚೆಗೆ ಪಂಚಮಸಾಲಿಗಳು ತಮ್ಮನ್ನು ಮೀಸಲಾತಿಯ 3ಬಿ ವರ್ಗದಿಂದ ಹೆಚ್ಚು ಪಾಲಿರುವ 2ಎ ವರ್ಗಕ್ಕೆ ಸೇರಿಸಬೇಕೆಂದು ಒಳಪಂಗಡದ ಹೆಸರಿನಲ್ಲಿಯೇ ಹೋರಾಡಿದರು. ಆದರೆ 2018ರ ಮಾರ್ಚ್‌ನಲ್ಲಿ, ರಾಜ್ಯ ಸರ್ಕಾರವು ಲಿಂಗಾಯತರಿಗೆ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನಮಾನ ನೀಡುವಂತೆ ಕೇಂದ್ರಕ್ಕೆ ಶಿಫಾರಸು ಮಾಡಿದಾಗ ಒಳಪಂಗಡಗಳೆಲ್ಲ ಹಿಂದೆ ಸರಿದು ಇಡೀ ಸಮುದಾಯದ ಹೆಸರೇ ಚರ್ಚೆಗೆ ಬಂದಿತು. ಹೀಗೆ ಸಂದರ್ಭಕ್ಕೆ ತಕ್ಕಂತೆ ಹೆಸರು ಬದಲಿಸುವುದನ್ನು ಅವಕಾಶವಾದವೆಂದು ಕರೆಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸರ್ಕಾರ ಯಾವ ಅಂಕಣ ಬರೆದಿಡುತ್ತದೆಯೋ ಆ ಅಂಕಣದಲ್ಲಿಯೇ ಜನ ತಮ್ಮನ್ನು ತಾವು ಹೇಳಿಕೊಳ್ಳಬೇಕಾಗುತ್ತದೆ.

ಅಂದಿನಿಂದ ಯಾವುದೇ ಸಂದರ್ಶನದಲ್ಲಿ ಉತ್ತರದ ಪಕ್ಕದಲ್ಲಿ ಕೇಳಿದವರು ಯಾರು, ಯಾರೆದುರು ಕೇಳಿದ್ದು, ಯಾವುದಕ್ಕಾಗಿ ಎಂಬುದನ್ನೂ ಬರೆದಿಡುತ್ತೇನೆ. ‘ನೀವು ಯಾವ ಪೈಕಿ?’ ಎಂದು ನನ್ನನ್ನೇ ಮೊದಲು ಕೇಳುವವರು ಬಹಳ. ನನ್ನ ಉತ್ತರ ಕೇಳಿದ ಮೇಲೆ ಅವರ ಮಾತಿನ ದಿಕ್ಕು ಬದಲಾದದ್ದನ್ನೂ ದಾಖಲಿಸುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ಕೋಷ್ಟಕ ಕಲಿಸುವ ಮೊದಲು ಈ ಟಿಪ್ಪಣಿ ಬರೆಯುವುದನ್ನು ಕಲಿಸುತ್ತೇನೆ.

ಪ್ರಬಂಧ ಒಪ್ಪಿಸುವ ಮುನ್ನ ಆ ಹಿರಿಯರ ಬಳಿ ಮತ್ತೆ ಹೋಗಿ ಮೂರು ಉತ್ತರಗಳನ್ನೂ ಓದಿ ಹೇಳಿ, ಯಾವುದನ್ನು ಉಳಿಸಿಕೊಳ್ಳಲಿ ಎಂದು ಕೇಳಿದೆ. ಅವರು ಸಾವಧಾನವಾಗಿ ಕೇಳಿಸಿಕೊಂಡು, ‘ಮೂರೂ ಇರಲಿ ತಾಯಿ. ಆದರೆ ನಾವು ಯಾವ ಮಠದ ಒಕ್ಕಲು ಅಂತ ನೀವು ಕೇಳಲೇ ಇಲ್ಲವಲ್ಲ’ ಎಂದರು.