ಇ.ಎಸ್.ಎ.ಯಿಂದ ಯುನಿವರ್ಸಲ್ ಕ್ರೆಡಿಟ್‌ಗೆ: ನಾನು ಸಹಾಯ ಕೇಳಿದ ಬಗೆ

ಬ್ರಿಟನ್ನಿನಲ್ಲಿ ಕಾಯಿಲೆ ಅಥವಾ ಅಂಗವೈಕಲ್ಯದಿಂದ ಕೆಲಸ ಮಾಡಲಾಗದೆ ಇ.ಎಸ್.ಎ. (ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋಯನ್ಸ್ ಅನ್ನುವ ಸರ್ಕಾರಿ ಭತ್ಯೆ) ಪಡೆಯುತ್ತಿದ್ದವರಿಗೆ ಒಂದು ಕಾಗದ ಬರುತ್ತಿತ್ತು. ಅದಕ್ಕೆ ಮೈಗ್ರೇಷನ್ ನೋಟಿಸ್ ಅಂತ ಹೆಸರು. ನನಗೆ ಬಂದದ್ದು 2024ರ ಅಕ್ಟೋಬರಿನಲ್ಲಿ. ನಿಮ್ಮ ಹಳೆಯ ಬೆನಿಫಿಟ್ (ಸರ್ಕಾರ ಕೊಡುವ ಹಣದ ನೆರವು) ನಿಲ್ಲುತ್ತದೆ, ಮೂರು ತಿಂಗಳೊಳಗೆ ಯುನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿ ಅಂತ ಇತ್ತು. ಹಳೆಯದು ತಾನಾಗಿಯೇ ಹೊಸದಕ್ಕೆ ಬದಲಾಗುತ್ತಿರಲಿಲ್ಲ. ನಾವೇ ಅರ್ಜಿ ಹಾಕಬೇಕಿತ್ತು. ಹಾಕದಿದ್ದರೆ ದುಡ್ಡು ನಿಂತೇ ಹೋಗುತ್ತಿತ್ತು.

ಇದರ ಬೇರು 2012ರ ವೆಲ್‌ಫೇರ್ ರಿಫಾರ್ಮ್ ಆಕ್ಟ್‌ನಲ್ಲಿದೆ. ಇನ್‌ಕಮ್ ಸಪೋರ್ಟ್, ಆದಾಯ ನೋಡಿ ಕೊಡುವ ಇ.ಎಸ್.ಎ. ಮತ್ತು ಜೆ.ಎಸ್.ಎ. (ಕೆಲಸ ಹುಡುಕುವವರ ಭತ್ಯೆ), ಬಾಡಿಗೆಗೆ ಕೊಡುವ ಹೌಸಿಂಗ್ ಬೆನಿಫಿಟ್, ಎರಡು ಟ್ಯಾಕ್ಸ್ ಕ್ರೆಡಿಟ್‌ಗಳು, ಹೀಗೆ 6 ಬೆನಿಫಿಟ್‌ಗಳನ್ನು ಸೇರಿಸಿ ಒಂದೇ ಮಾಡಿದ್ದು ಯುನಿವರ್ಸಲ್ ಕ್ರೆಡಿಟ್. ಅಂಗವೈಕಲ್ಯದಿಂದ ಆಗುವ ಹೆಚ್ಚಿನ ಖರ್ಚಿಗೆ ಕೊಡುವ ಪಿಪ್ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್) ಇದರಲ್ಲಿ ಸೇರಿಲ್ಲ. ಅದು ಮೊದಲಿನ ಹಾಗೇ ಬರುತ್ತಿರುತ್ತದೆ.

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಬೆರಳುಗಳು ಸೊಟ್ಟಗಾಗಿವೆ. ಬೆಳಿಗ್ಗೆ ಎದ್ದರೆ ಮಧ್ಯಾಹ್ನದವರೆಗೂ ಮಣಿಕಟ್ಟು ಬಗ್ಗುವುದಿಲ್ಲ. ಒಬ್ಬಳೇ ಇರುವುದು, ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೆ ಮನೆ ಬಾಡಿಗೆಗೆ ಕೊಡುವ ಸಂಸ್ಥೆ) ಫ್ಲಾಟಿನಲ್ಲಿ. ಇ.ಎಸ್.ಎ.ಯಲ್ಲಿ ನಾನು ಸಪೋರ್ಟ್ ಗ್ರೂಪಿನಲ್ಲಿದ್ದೆ, ಅಂದರೆ ಕೆಲಸ ಹುಡುಕಬೇಕು ಅನ್ನುವ ಷರತ್ತು ಇರಲಿಲ್ಲ.

ಕಾಗದ ಬಂದ ವಾರದಲ್ಲೇ ಒಂದು ಕಡೆ ಕೇಳಿದಾಗ, "ನೀವು ಸಪೋರ್ಟ್ ಗ್ರೂಪ್ ಅಲ್ವಾ, ನಿಮಗೆ ಏನೂ ಬದಲಾಗಲ್ಲ, ಸುಮ್ನೆ ಇರಿ" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಕಾಗದದಲ್ಲಿ ತಾರೀಕು ಇದ್ದ ಮೇಲೆ ಸುಮ್ಮನಿರುವುದು ಹೇಗೆ? ಇಂಥ ವಿಷಯದಲ್ಲಿ ಬೆನಿಫಿಟ್ ಸಲಹೆಯನ್ನೇ ಕೆಲಸವಾಗಿ ಮಾಡುವವರ ಮಾತು ಬೇಕು. ನಾನು ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಯವರ 'ಹೆಲ್ಪ್ ಟು ಕ್ಲೈಮ್' ಸೇವೆಗೆ ಫೋನ್ ಮಾಡಿದೆ. ಇದು ಉಚಿತ. ಫೋನಿನಲ್ಲೂ ಚಾಟ್‌ನಲ್ಲೂ ಸಿಗುತ್ತಾರೆ. ಅರ್ಜಿ ಹಾಕುವುದರಿಂದ ಹಿಡಿದು ಮೊದಲ ಪೂರ್ತಿ ಹಣ ಸರಿಯಾಗಿ ಬರುವವರೆಗೆ ಜೊತೆಗಿರುತ್ತಾರೆ. ಅದಾದ ಮೇಲೆ ತೊಂದರೆ ಬಂದರೆ ಅವರದೇ ಸಾಮಾನ್ಯ ಸಲಹೆಗೋ, ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ವೆಲ್‌ಫೇರ್ ರೈಟ್ಸ್ ಸಲಹೆಗಾರರು ಇದ್ದರೆ ಅವರಲ್ಲಿಗೋ ಹೋಗಬೇಕು.

ಮೊದಲ ಮಾತಿನಲ್ಲೇ ಅವರು ಕೇಳಿದ್ದು, "ನಿಮ್ಮ ಇ.ಎಸ್.ಎ.ಯಲ್ಲಿ ಏನೇನು ಸೇರಿದೆ, ಕಾಗದ ಇದೆಯಾ?" ಅಂತ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯದ ತಿರುಳು ಇದೇ. 2024-25ರ ದರದಲ್ಲಿ ನನಗೆ ವಾರಕ್ಕೆ ಮೂಲ ಭತ್ಯೆ 90.50 ಪೌಂಡ್, ಸಪೋರ್ಟ್ ಕಾಂಪೊನೆಂಟ್ 47.70, ಎನ್‌ಹಾನ್ಸ್ಡ್ ಡಿಸಬಿಲಿಟಿ ಪ್ರೀಮಿಯಂ 20.85, ಸಿವಿಯರ್ ಡಿಸಬಿಲಿಟಿ ಪ್ರೀಮಿಯಂ 81.50 ಬರುತ್ತಿತ್ತು. ಕೊನೆಯದು ಒಂಟಿಯಾಗಿದ್ದು, ಪಿಪ್‌ನ ದಿನನಿತ್ಯದ ಭಾಗ ಪಡೆಯುತ್ತಿದ್ದು, ನಮ್ಮನ್ನು ನೋಡಿಕೊಳ್ಳುವುದಕ್ಕಾಗಿ ಯಾರೂ ಕೇರರ್ಸ್ ಅಲೋಯನ್ಸ್ ತೆಗೆದುಕೊಳ್ಳದಿದ್ದಾಗ ಸಿಗುವಂಥದ್ದು. ಎಲ್ಲ ಸೇರಿ ವಾರಕ್ಕೆ 240.55. ತಿಂಗಳಿಗೆ ತಿರುಗಿಸಿದರೆ 1,042.38 ಪೌಂಡ್.

ಯುನಿವರ್ಸಲ್ ಕ್ರೆಡಿಟ್‌ನಲ್ಲಿ ಆ ಎರಡು ಪ್ರೀಮಿಯಂಗಳು ಇಲ್ಲವೇ ಇಲ್ಲ. ಆಗ ಮೂಲ ಭತ್ಯೆ ತಿಂಗಳಿಗೆ 393.45, ಆರೋಗ್ಯದ ಭಾಗ 416.19. ಒಟ್ಟು 809.64. ಬಾಡಿಗೆಯ ಭಾಗ ಎರಡೂ ಕಡೆ ಒಂದೇ ಆದ್ದರಿಂದ ಅದನ್ನು ಬಿಟ್ಟು ಹೇಳುತ್ತಿದ್ದೇನೆ. ತಿಂಗಳಿಗೆ 232.74 ಪೌಂಡ್ ಖೋತಾ. ಮೈಗ್ರೇಷನ್ ನೋಟಿಸ್ ಬಂದು, ಅದರ ತಾರೀಕಿನೊಳಗೆ ಅರ್ಜಿ ಹಾಕಿದವರಿಗೆ ಈ ವ್ಯತ್ಯಾಸವನ್ನು 'ಟ್ರಾನ್ಸಿಷನಲ್ ಎಲಿಮೆಂಟ್' ಅಂತ ಸೇರಿಸಿ ಕೊಡುತ್ತಾರೆ. ತಾರೀಕು ದಾಟಿದರೂ ಒಂದು ತಿಂಗಳೊಳಗೆ ಹಾಕಿದರೆ ಇದು ಉಳಿಯುತ್ತಿತ್ತು, ಅದೂ ಮೀರಿದರೆ ಹೋಯಿತು. ಆ ತಾರೀಕಿಗೆ ನಾನು ಅಷ್ಟೊಂದು ಹೆದರಿದ್ದು ಇದಕ್ಕೇ.

ಡಿಸೆಂಬರಿನಲ್ಲಿ ನೋವು ಜಾಸ್ತಿಯಾಗಿ ಹಾಸಿಗೆ ಹಿಡಿದೆ. ಔಷಧಿ ಬದಲಾಗುತ್ತಿತ್ತು, ಆಸ್ಪತ್ರೆಗೆ ಓಡಾಟ. ತಕ್ಕ ಕಾರಣವಿದ್ದರೆ ಗಡುವು ಮುಂದೆ ಹಾಕಿಸಬಹುದಿತ್ತು, ಆದರೆ ಗಡುವು ಮುಗಿಯುವ ಮೊದಲೇ ಕೇಳಬೇಕಿತ್ತು. ಕಾಗದದಲ್ಲಿರುವ ಸಹಾಯವಾಣಿಗೆ ಫೋನ್ ಮಾಡಿ ಆಸ್ಪತ್ರೆಯ ತಾರೀಕುಗಳನ್ನು ಹೇಳಿದೆ. ಮುಂದೆ ಹಾಕಿದರು. ಹೊಸ ತಾರೀಕನ್ನು ಬರಹದಲ್ಲಿ ಕಳಿಸಿ ಅಂತಲೂ ಕೇಳಿಕೊಂಡೆ.

ಇನ್ನು ಸಹಾಯ ಕೇಳುವ ವಿಷಯ. ನಮ್ಮವರಲ್ಲಿ ಒಂದು ಅಭ್ಯಾಸ ಇದೆ. ಅಧಿಕಾರಿ ಕೇಳಿದರೆ "ಹೇಗೋ ನಿಭಾಯಿಸುತ್ತೇನೆ" ಅಂತ ಹೇಳಿಬಿಡುತ್ತೇವೆ. ನನಗೆ ಟೈಪ್ ಮಾಡಿಕೊಡಲು ಬರುತ್ತಿದ್ದ ಹುಡುಗಿ, ಹಾಸನದ ಕಡೆಯವಳು, ಒಂದು ದಿನ ಕಾಫಿ ಲೋಟ ಕೆಳಗಿಟ್ಟು ಕೇಳಿಯೇಬಿಟ್ಟಳು: "ಅಕ್ಕಾ, ನಿಮಗೆ ಏನು ಆಗಲ್ಲ ಅಂತ ಸರಿಯಾಗಿ ಹೇಳಿ. ಕಷ್ಟ ಆಗುತ್ತೆ ಅಂದರೆ ಅವರು ಏನು ಬರ್ಕೋಬೇಕು?"

ಸರಿ ತಾನೇ? 'ನಾನು ಅಂಗವಿಕಲೆ, ಸಹಾಯ ಬೇಕು' ಅಂದರೆ ಆ ಕಡೆಯವರು ಪಾಪ ಅಂದುಕೊಳ್ಳಬಹುದು, ಮಾಡುವುದಕ್ಕೆ ಏನೂ ತೋಚುವುದಿಲ್ಲ. ಆಗದ್ದನ್ನು ಒಂದೊಂದಾಗಿ ಹೇಳಿ, ಅದರ ಬದಲು ಏನು ಬೇಕು ಅಂತಲೂ ಜೊತೆಗೇ ಹೇಳಬೇಕು. ನಾವಿಬ್ಬರೂ ಕೂತು ಬರೆದದ್ದು ಹೀಗಿತ್ತು: ಫೋನನ್ನು ಕೈಯಲ್ಲಿ ಹಿಡಿದುಕೊಂಡು ಹೆಚ್ಚು ಹೊತ್ತು ಮಾತಾಡಲು ಆಗುವುದಿಲ್ಲ, ಕಾಲ್ ಚಿಕ್ಕದಾಗಿರಲಿ, ಮಧ್ಯಾಹ್ನ ಎರಡರ ನಂತರ ಮಾಡಿ. ಜಾಬ್‌ಸೆಂಟರಿಗೆ (ಬೆನಿಫಿಟ್ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ) ಬರಲು ಆಗುವುದಿಲ್ಲ, ಭೇಟಿ ಫೋನಿನಲ್ಲೇ ಆಗಲಿ. ಒಂದೇ ಸಲಕ್ಕೆ ಉದ್ದಕ್ಕೆ ಟೈಪ್ ಮಾಡಲು ಆಗುವುದಿಲ್ಲ, ಉತ್ತರಕ್ಕೆ ಸಮಯ ಕೊಡಿ. ಹೇಳಿದ್ದನ್ನೆಲ್ಲ ಜರ್ನಲ್‌ನಲ್ಲೂ (ಯುನಿವರ್ಸಲ್ ಕ್ರೆಡಿಟ್‌ನ ಆನ್‌ಲೈನ್ ಖಾತೆಯಲ್ಲಿ ಸಂದೇಶ ಬರೆಯುವ ಜಾಗ) ಬರೆಯಿರಿ. ಇದನ್ನು 'ರೀಸನಬಲ್ ಅಡ್ಜಸ್ಟ್‌ಮೆಂಟ್' ಅನ್ನುತ್ತಾರೆ. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಇದನ್ನು ಕೇಳುವುದು ನಮ್ಮ ಹಕ್ಕು, ದಾಕ್ಷಿಣ್ಯದ ವಿಷಯವಲ್ಲ. ಆ ಎರಡು ಪದಗಳನ್ನು ಹೇಳಿದರೆ ಕಚೇರಿಯವರಿಗೆ ಬೇಗ ಅರ್ಥವಾಗುತ್ತದೆ, ಹಾಗಾಗಿ 2010ರ ಕಾಯ್ದೆಯ ಹೆಸರನ್ನೂ ಬರೆದಿದ್ದೆ.

"ನಿಮಗೆ ಇಂಟರ್‌ನೆಟ್ ಬಳಸಲು ಬರುತ್ತದಾ?" ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಇಲ್ಲಿ ಬರೀ ಹೌದು ಅಂದರೆ ಅಲ್ಲಿಗೆ ಮುಗೀತು. "ಬರುತ್ತದೆ, ಆದರೆ ಸ್ವಲ್ಪ ಹೊತ್ತಿಗೇ ಕೈ ನೋಯುತ್ತದೆ, ಆ ದಿನ ಮತ್ತೆ ಆಗುವುದಿಲ್ಲ" ಅಂದೆ. ಆನ್‌ಲೈನ್ ಆಗದವರು ಫೋನಿನಲ್ಲೇ ಅರ್ಜಿ ಹಾಕಬಹುದು. ಅದೂ ಆಗದವರ ಮನೆಗೆ ಬರುವ ವ್ಯವಸ್ಥೆಯೂ ಇದೆ. ಇಂಗ್ಲಿಷ್ ಕಷ್ಟ ಆದವರು ಫೋನಿನಲ್ಲಿ ದುಭಾಷಿಯನ್ನು ಕೇಳಬಹುದು. ನಾನು ಆನ್‌ಲೈನ್ ಆರಿಸಿಕೊಂಡೆ. ಅಕೌಂಟ್ ತೆರೆದ ಮೇಲೆ ಅರ್ಜಿ ಸಲ್ಲಿಸಲು 28 ದಿನ ಇರುತ್ತದೆ. ಇವತ್ತು ಒಂದು ಪುಟ, ನಾಡಿದ್ದು ಇನ್ನೊಂದು ಅಂತ ತುಂಬಬಹುದು. ನನ್ನಂಥ ಕೈ ಇರುವವರಿಗೆ ಇದು ದೊಡ್ಡ ಅನುಕೂಲ.

ಸಲ್ಲಿಸುವ ದಿನವನ್ನು ಮಾತ್ರ ಯೋಚಿಸಿ ಆರಿಸಬೇಕು. ಸಲ್ಲಿಸಿದ ದಿನದಿಂದ ತಿಂಗಳ ಲೆಕ್ಕ ಶುರು. ತಿಂಗಳು ಮುಗಿದ 7 ದಿನಕ್ಕೆ ಹಣ ಬರುತ್ತದೆ. ನನ್ನ ಬಾಡಿಗೆ 1ನೇ ತಾರೀಕು. ಹಾಗಾಗಿ 2025ರ ಫೆಬ್ರವರಿ 20ಕ್ಕೆ ಬಟನ್ ಒತ್ತಿದೆ. ಲೆಕ್ಕದ ತಿಂಗಳು 20ರಿಂದ 19ಕ್ಕೆ, ಹಣ 26ಕ್ಕೆ. ಬಾಡಿಗೆಗೆ ಮುಂಚೆ ನಾಲ್ಕೈದು ದಿನ ಉಸಿರಾಡಲು ಜಾಗ. ಈ ತಾರೀಕನ್ನು ಆಮೇಲೆ ಬದಲಿಸಿಕೊಳ್ಳಲು ಆಗುವುದಿಲ್ಲ. ಈ ಸಣ್ಣ ವಿಷಯವನ್ನು ಯಾರೂ ತಾವಾಗಿ ಹೇಳಲಿಲ್ಲ. ನಾನೇ ಸಲಹೆಗಾರ್ತಿಯನ್ನು ಕೆದಕಿ ಕೆದಕಿ ಕೇಳಿದೆ.

ಅರ್ಜಿಯಲ್ಲಿ ಕೆಲಸಕ್ಕೆ ಅಡ್ಡಿಯಾಗುವ ಆರೋಗ್ಯ ಸಮಸ್ಯೆ ಇದೆಯಾ ಅನ್ನುವ ಪ್ರಶ್ನೆಗೆ ಹೌದು ಅಂತಲೇ ಉತ್ತರಿಸಬೇಕು. ಹೇಗೂ ಅವರ ಕಡತದಲ್ಲಿ ಇದೆಯಲ್ಲ ಅಂತ ಬಿಡಬಾರದು. ಇ.ಎಸ್.ಎ.ಯ ಸಪೋರ್ಟ್ ಗ್ರೂಪಿನಲ್ಲಿದ್ದವರು ಇಲ್ಲಿ ಎಲ್.ಸಿ.ಡಬ್ಲ್ಯು.ಆರ್.ಎ. ಗುಂಪಿಗೆ (ಕೆಲಸವಾಗಲಿ ಅದರ ತಯಾರಿಯಾಗಲಿ ಆಗದವರ ಗುಂಪು, ಆರೋಗ್ಯದ ಭಾಗ ಸಿಗುವುದು ಇವರಿಗೇ) ನೇರವಾಗಿ ಬರುತ್ತಾರೆ. ಹೊಸದಾಗಿ ಪರೀಕ್ಷೆ ಇಲ್ಲ, ಹೊಸಬರಿಗೆ ಇರುವ ಮೂರು ತಿಂಗಳ ಕಾಯುವಿಕೆಯೂ ಇಲ್ಲ. ಅರ್ಜಿ ಸಲ್ಲಿಸಿದ ದಿನವೇ ಜರ್ನಲ್‌ನಲ್ಲಿ "ನಾನು ಇ.ಎಸ್.ಎ. ಸಪೋರ್ಟ್ ಗ್ರೂಪಿನಿಂದ ಮೈಗ್ರೇಷನ್ ನೋಟಿಸ್ ಮೇಲೆ ಬಂದಿದ್ದೇನೆ, ನನ್ನ ಹಳೆಯ ಗುಂಪು ಮತ್ತು ಟ್ರಾನ್ಸಿಷನಲ್ ಎಲಿಮೆಂಟ್ ಎರಡನ್ನೂ ಸೇರಿಸಿ" ಅಂತ ಒಂದು ಟಿಪ್ಪಣಿ ಹಾಕಿದೆ.

ಉಳಿತಾಯದ ಪ್ರಶ್ನೆಯ ಬಗ್ಗೆ ನಮ್ಮವರಿಗೆ ಒಂದು ಮಾತು. 6,000 ಪೌಂಡಿನವರೆಗೆ ತೊಂದರೆ ಇಲ್ಲ, ಅಲ್ಲಿಂದ ಮೇಲೆ ಸ್ವಲ್ಪ ಸ್ವಲ್ಪ ಕಡಿತ, 16,000 ದಾಟಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಇಂಡಿಯಾದ ಬ್ಯಾಂಕಿನ ಎಫ್.ಡಿ., ನಮ್ಮ ಹೆಸರಿನಲ್ಲಿರುವ ಸೈಟು, ಇವೂ ಲೆಕ್ಕಕ್ಕೆ ಬರುತ್ತವೆ. ಅಪ್ಪನ ಮನೆಯಲ್ಲಿ ಪಾಲು ಇದ್ದರೆ ಸಲಹೆ ಕೇಳಿಯೇ ಬರೆಯಿರಿ. ವೀಸಾದ ಮೇಲೆ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರಿ ನೆರವು ಪಡೆಯುವಂತಿಲ್ಲ) ಅಂತ ಇರುವವರು ಅರ್ಜಿ ಮುಟ್ಟುವ ಮೊದಲು ವಲಸೆ ಸಲಹೆಗಾರರನ್ನು ಕಾಣಬೇಕು. ಅದು ವೀಸಾಕ್ಕೇ ಕುತ್ತು ತರಬಹುದು.

ಗುರುತಿನ ಪರಿಶೀಲನೆ ಫೋನಿನಲ್ಲೇ ಆಯಿತು. ಕ್ಲೈಮೆಂಟ್ ಕಮಿಟ್‌ಮೆಂಟ್ ಅನ್ನುವ ಒಪ್ಪಂದವನ್ನು ಆನ್‌ಲೈನ್‌ನಲ್ಲಿ ಒಪ್ಪಿಕೊಂಡೆ. ನಮ್ಮ ಗುಂಪಿನವರಿಗೆ ಅದರಲ್ಲಿ ಕೆಲಸ ಹುಡುಕುವ ಷರತ್ತು ಇರುವುದಿಲ್ಲ, ಆದರೆ ಒಪ್ಪದೆ ಬಿಟ್ಟರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹುಡುಗಿ ನನ್ನ ಪರವಾಗಿ ಮಾತಾಡಬೇಕಾದಾಗ ಜರ್ನಲ್‌ನಲ್ಲೇ ಒಪ್ಪಿಗೆ ಬರೆದೆ: ಯಾರು, ಯಾವ ವಿಷಯ, ಯಾತಕ್ಕೆ, ಎಷ್ಟು ಮಾಹಿತಿ ಕೊಡಬಹುದು. ಒಮ್ಮೆ ಕೊಟ್ಟ ಒಪ್ಪಿಗೆ ಎಂದೆಂದಿಗೂ ನಡೆಯುವುದಿಲ್ಲ, ಹೊಸ ವಿಷಯಕ್ಕೆ ಮತ್ತೆ ಬರೆಯಬೇಕು. ಪಾಸ್‌ವರ್ಡ್ ಮಾತ್ರ ಅವಳಿಗೂ ಕೊಡಲಿಲ್ಲ, ಅವಳೂ ಕೇಳಲಿಲ್ಲ. ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳಲು ಆಗದವರಿಗೆ ಅಪಾಯಿಂಟೀ ಅಂತ, ಅವರ ಪರವಾಗಿ ಇನ್ನೊಬ್ಬರು ಎಲ್ಲ ನೋಡಿಕೊಳ್ಳುವ ಬೇರೆಯೇ ವ್ಯವಸ್ಥೆ ಇದೆ.

ಮೊದಲ ಹಣಕ್ಕೆ ಸುಮಾರು 5 ವಾರ ಕಾಯಬೇಕು. ಹಳೆಯ ಇ.ಎಸ್.ಎ. ಮತ್ತು ಹೌಸಿಂಗ್ ಬೆನಿಫಿಟ್ ಇನ್ನೆರಡು ವಾರ ಬಂದವು, ಅದನ್ನು ವಾಪಸ್ ಕೊಡಬೇಕಾಗಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಪಿಪ್ ಇತ್ತು. ಅಡ್ವಾನ್ಸ್ ತೆಗೆದುಕೊಳ್ಳಬಹುದಿತ್ತು, 24 ತಿಂಗಳವರೆಗೆ ತೀರಿಸಲು ಅವಕಾಶ ಇರುತ್ತದೆ. ಆದರೆ ಅದು ಸಾಲವೇ. ಪ್ರತಿ ತಿಂಗಳ ಹಣದಲ್ಲೇ ಮುರಿದುಕೊಳ್ಳುತ್ತಾರೆ. ನಾನು ತೆಗೆದುಕೊಳ್ಳಲಿಲ್ಲ. ಕೈಯಲ್ಲಿ ಏನೂ ಇಲ್ಲದವರು ಸಂಕೋಚ ಪಡದೆ ತೆಗೆದುಕೊಳ್ಳಲಿ, ಎಷ್ಟು ಬೇಕೋ ಅಷ್ಟೇ.

ಬಾಡಿಗೆಯದೇ ಇನ್ನೊಂದು ತಲೆನೋವು. ಹೌಸಿಂಗ್ ಬೆನಿಫಿಟ್ ನೇರ ಮನೆ ಮಾಲೀಕರಿಗೆ ಹೋಗುತ್ತಿತ್ತು. ಯುನಿವರ್ಸಲ್ ಕ್ರೆಡಿಟ್‌ನಲ್ಲಿ ಬಾಡಿಗೆ ದುಡ್ಡು ಸಾಮಾನ್ಯವಾಗಿ ನಮ್ಮ ಖಾತೆಗೇ ಬಂದು, ನಾವು ಕಟ್ಟಬೇಕು. ಕಾಯಿಲೆ ಏರಿದ ದಿನ ಬ್ಯಾಂಕಿನ ಕೆಲಸ ನನ್ನಿಂದ ಆಗುವುದಿಲ್ಲ, ಆದ್ದರಿಂದ ನೇರ ಅವರಿಗೇ ಕಳಿಸಿ ಅಂತ ಕೇಳಿದೆ, ಒಪ್ಪಿದರು. ತಿಂಗಳಿಗೊಮ್ಮೆ ಬರುವ ಹಣ ನಿಭಾಯಿಸಲು ಆಗದವರು ಎರಡು ಕಂತಿನಲ್ಲಿ ಕೊಡಿ ಅಂತಲೂ ಕೇಳಬಹುದು. ಸ್ಕಾಟ್ಲೆಂಡಿನಲ್ಲಿ ಇವೆರಡನ್ನೂ ನಾವೇ ಆರಿಸಿಕೊಳ್ಳಬಹುದು, ಕಾರಣ ಹೇಳಬೇಕಾಗಿಲ್ಲ.

ಹಣ ಬರುವ ಕೆಲವು ದಿನ ಮೊದಲು ಸ್ಟೇಟ್‌ಮೆಂಟ್ ಕಾಣಿಸುತ್ತದೆ. ಸಲಹೆಗಾರ್ತಿಯ ಜೊತೆ ಫೋನಿನಲ್ಲಿ ಸಾಲು ಸಾಲಾಗಿ ಓದಿದೆ. ಮೂಲ ಭತ್ಯೆ, ಬಾಡಿಗೆ, ಆರೋಗ್ಯದ ಭಾಗ, ಟ್ರಾನ್ಸಿಷನಲ್ ಎಲಿಮೆಂಟ್. ನಾಲ್ಕೂ ಇದ್ದವು. ಯಾವುದಾದರೂ ಸಾಲು ಕಾಣದಿದ್ದರೆ ಕೂಡಲೇ ಜರ್ನಲ್‌ನಲ್ಲಿ ಕೇಳಬೇಕು. ಸರಿಹೋಗದಿದ್ದರೆ ಒಂದು ತಿಂಗಳೊಳಗೆ 'ಮ್ಯಾಂಡೇಟರಿ ರಿಕನ್ಸಿಡರೇಷನ್' (ತೀರ್ಮಾನವನ್ನು ಮತ್ತೆ ಪರಿಶೀಲಿಸುವುದು) ಕೇಳಬೇಕು, ಅದರ ನಂತರ ಟ್ರಿಬ್ಯೂನಲ್. ಟ್ರಿಬ್ಯೂನಲ್‌ಗೆ ಶುಲ್ಕ ಇಲ್ಲ.

ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಯುನಿವರ್ಸಲ್ ಕ್ರೆಡಿಟ್‌ನಲ್ಲಿ ಸೇರಿಲ್ಲ. ಹಳೆಯ ಬೆನಿಫಿಟ್ ನಿಂತಿತು ಅಂತ ಗೊತ್ತಾದ ಕೂಡಲೇ ಕೌನ್ಸಿಲ್‌ಗೆ ಬೇರೆಯಾಗಿ ತಿಳಿಸಿದೆ. ತುಂಬ ಜನ ಮರೆಯುವುದು ಇದನ್ನೇ.

2025ರ ಏಪ್ರಿಲ್‌ನಲ್ಲಿ ದರಗಳು ಏರಿದವು. ಮೂಲ ಭತ್ಯೆ 400.14, ಆರೋಗ್ಯದ ಭಾಗ 423.27. ಅಂದರೆ 13.77 ಪೌಂಡ್ ಜಾಸ್ತಿ. ಮೇ ತಿಂಗಳ ಸ್ಟೇಟ್‌ಮೆಂಟ್ ತೆರೆದರೆ ಒಟ್ಟು ಮೊದಲಿನಷ್ಟೇ! ಏರಿದಷ್ಟನ್ನು ಟ್ರಾನ್ಸಿಷನಲ್ ಎಲಿಮೆಂಟ್‌ನಲ್ಲಿ ಇಳಿಸಿರುತ್ತಾರೆ. ನನ್ನದು 218.97ಕ್ಕೆ ಬಂತು. ಅದು ಪೂರ್ತಿ ಕರಗುವವರೆಗೆ ದರ ಏರಿಕೆ ನನಗೆ ಬರೀ ಕಾಗದದ ಮೇಲೆ, ಬೆಲೆ ಏರಿಕೆ ಮಾತ್ರ ನಿಜ. ಇದಕ್ಕೆ ರಕ್ಷಣೆ ಅಂತ ಹೆಸರಿಟ್ಟವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಬಾಡಿಗೆಯ ಭಾಗ ಏರಿದರೂ ಹೀಗೇ ಕರಗುತ್ತದೆ. ಸಂಗಾತಿಯ ಜೊತೆ ವಾಸ ಶುರು ಮಾಡಿದರೆ ಪೂರ್ತಿ ಹೋಗುತ್ತದೆ. ನೆಲಮಹಡಿಯ ಫ್ಲಾಟ್ ಒಂದು ಖಾಲಿಯಾಗಿದೆ ಅಂತ ಹೌಸಿಂಗ್‌ನವರು ಹೇಳಿದ್ದಾರೆ. ಮೆಟ್ಟಿಲ ಕಾಟ ತಪ್ಪುತ್ತದೆ, ಆದರೆ ಬಾಡಿಗೆ ಈಗಿನದಕ್ಕಿಂತ ಜಾಸ್ತಿ. ಒಪ್ಪುವ ಮೊದಲು ವೆಲ್‌ಫೇರ್ ರೈಟ್ಸ್‌ನವರಿಂದ ಎರಡೂ ಮನೆಯ ಲೆಕ್ಕ ಹಾಕಿಸುತ್ತಿದ್ದೇನೆ.